ಕಾಡನ್ನು ಎಬ್ಬಿಸುವ ಹಾಡು

12 ಸೆಪ್ಟೆಂಬರ್ 2002, ಸ್ಟ್ಯಾನ್ಮೋರ್, ಲಂಡನ್

ಇವರನ್ನು ಹಾಸ್ಪಿಟಲ್ ಡ್ಯೂಟಿಗೆ ಕಳಿಸಿ, ಕುಕ್ಕರ್ ಇಟ್ಟು ಕೂತೆ. ಮಗಳ ಪಾರ್ಸೆಲ್ ಬಂದಿದೆ, ಕಾಂಗೋದಿಂದ. ಒಂದು ಕ್ಯಾಸೆಟ್, ಒಂದು ಫೋಟೋ. ಪಿಎಚ್‌ಡಿ ಎಂದು ಹೋದ ಪ್ರಾಚಿ ಇತುರಿ ಕಾಡಿನಲ್ಲಿ, ಎಂಬುಟಿ ಎಂಬ ಕಾಡುಜನರ ಹೆಂಗಸರ ನಡುವೆ, ಗುಡಿಸಲಿಗೆ ಎಲೆ ಹೊದಿಸುತ್ತಿದ್ದಾಳೆ. ಗುಡಿಸಲು ಕಟ್ಟುವುದು ಅಲ್ಲಿ ಹೆಂಗಸರ ಕೆಲಸವಂತೆ. ಇಲ್ಲಿ ಒಂದು ದಿನವೂ ತನ್ನ ಹಾಸಿಗೆ ಮಡಿಸಿದವಳಲ್ಲ.

14 ಸೆಪ್ಟೆಂಬರ್

ಶನಿವಾರದ ಫೋನ್. ಹತ್ತಿರದ ಊರಿನ ಚರ್ಚಿಗೆ ನಡೆದು ಬಂದು ಮಾಡುತ್ತಾಳೆ. ಕ್ಯಾಸೆಟ್ ಏನೆಂದು ಕೇಳಿದೆ. ಕೆಟ್ಟದ್ದೇನಾದರೂ ಆದರೆ ಆ ಜನ ಯಾರನ್ನೂ ದೂರುವುದಿಲ್ಲವಂತೆ. ಕಾಡು ನಿದ್ದೆ ಹೋಗಿತ್ತು, ಅದಕ್ಕೇ ನಮ್ಮನ್ನು ನೋಡಿಕೊಳ್ಳಲಿಲ್ಲ ಎಂದುಕೊಂಡು, ಹಾಡಿ ಎಬ್ಬಿಸುತ್ತಾರಂತೆ; ಕ್ಯಾಸೆಟ್‌ನಲ್ಲಿರುವುದು ಆ ಹಾಡು. ಏನನ್ನೂ ಬೇಡುವುದಿಲ್ಲ, ಎಬ್ಬಿಸುವುದಷ್ಟೆ.

"ಕಾಡು ನಿದ್ದೆ ಮಾಡತ್ತೇನೇ?" ನಕ್ಕುಬಿಟ್ಟೆ.

"ದೆನ್ ವಾಟ್ಸ್ ಸುಪ್ರಭಾತ, ಅಮ್ಮ?"

ಕೊಬ್ಬು ಇವಳಿಗೆ.

12 ಅಕ್ಟೋಬರ್

ಫೋನ್ ಇಲ್ಲ. ಹೋದ ಶನಿವಾರವೂ ಇರಲಿಲ್ಲ.

15 ಅಕ್ಟೋಬರ್

ಯೂನಿವರ್ಸಿಟಿಯಿಂದ ಫೋನ್. ಬಂದೂಕಿನವರು ಆ ಊರಿಗೆ ನುಗ್ಗಿದ್ದಾರಂತೆ. ಚರ್ಚು ಖಾಲಿ. ಪ್ರಾಚಿ ಕಾಡಿನೊಳಗೆ ಇರಬಹುದು... "ಇರಬಹುದು." ಹೇಳಿದವಳಿಗೆ ನನ್ನ ಮಗಳ ಹೆಸರನ್ನು ಸರಿಯಾಗಿ ಅನ್ನಲೂ ಬರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ತುಟಿಪಿಟಕ್ಕೆನ್ನದೆ ಉಂಡು ಎದ್ದರು. ಅದಕ್ಕೇ ಇನ್ನೂ ಹೆದರಿಕೆಯಾಯಿತು.

21 ಅಕ್ಟೋಬರ್

ರಾಯರಿಗೆ ಹರಕೆ ಹೊತ್ತೆ. ತಿಮ್ಮಪ್ಪನಿಗೂ. ಎಜ್‌ವೇರ್‌ನಿಂದ ಸುಶೀಲಾಬಾಯಿ ಬಂದಿದ್ದರು, ಸಮಾಧಾನ ಹೇಳಲು.

"ಆ ಕಾಡ ಮಂದಿ ಹುಡುಗೀಗೆ ಏನ್ ಮಾಡ್ತಾರೋ ಏನೋ ರೀ."

"ಬಂದೂಕು ಹಿಡಿದಿರೋರು ಕಾಡಿನೋರಲ್ಲ ಕಣ್ರೀ," ಎಂದೆ, ಸ್ವಲ್ಪ ಜೋರಾಗಿಯೇ. "ಅವರ ಹತ್ರ ಇರೋದು ಜಿಂಕೆ ಹಿಡಿಯೋ ಬಲೆ."

ಅವರು ಹೋದ ಮೇಲೆ ಹೊಳೆಯಿತು. ಬರೀ ಬಲೆ.

2 ನವೆಂಬರ್, ಬೆಳಿಗ್ಗೆ

ಸುಪ್ರಭಾತದ ಕ್ಯಾಸೆಟ್ ತೆಗೆದು ಅವಳದ್ದು ಹಾಕಿದ್ದೇನೆ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ. ಒಂದು ಮಾತೂ ತಿಳಿಯದು. ನಡುವೆ ಒಂದು ಅಪಸ್ವರ — ಪ್ರಾಚಿ. ಸಂಗೀತದ ಕ್ಲಾಸಿನಿಂದ ಓಡಿ ಬರುತ್ತಿದ್ದವಳು. ಏನನ್ನೂ ಬೇಡಬಾರದು ಎಂದು ಕೂತಿದ್ದೇನೆ. ಬೇಡದೆ ಇರುವುದು ಇಷ್ಟು ಕಷ್ಟವೇ...

ಫೋನ್. ಹಾಲ್‌ನಲ್ಲಿ ಇವರು ಎತ್ತಿದರು. "ಯೆಸ್. ಹರ್ ಫಾದರ್."

ಪೆನ್ನು ಕೆಳಗಿಡಲಾರೆ. ಇಟ್ಟರೆ ಎದ್ದು ಹೋಗಬೇಕು.

"ವತ್ಸಲಾ, ಟೇಪ್ ನಿಲ್ಸೇ. ಏನೂ ಕೇಳಿಸ್ತಿಲ್ಲ."

ನಿಲ್ಲಿಸುವುದಿಲ್ಲ. ಕಾಡು ಇನ್ನೂ ಎದ್ದಿರದಿದ್ದರೆ? ವಾಲ್ಯೂಮ್ ಇನ್ನೂ ಸ್ವಲ್ಪ —