ಪಾರವ್ವನ ಎದುರು ಕೂತ ಮಗಳು

ನಿಗಡಿ, ಪುಣೆ
೧೪ ಜುಲೈ ೨೦೨೫

ಚಿ. ಸೌ. ಪೂರ್ವಾಳಿಗೆ ಇಂದೂ ಅಕ್ಕನ ಆಶೀರ್ವಾದಗಳು.

ನಿನ್ನ ಮೆಸೇಜಿಗೆ ಉತ್ತರಿಸದೆ ಸುಮ್ಮನಿದ್ದೆ ಎಂದು ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ಧಾರವಾಡದ ಮನೆಯೆಲ್ಲ ಕೇಳುತ್ತದೆ. ಇದು ನಿನಗೊಬ್ಬಳಿಗೇ ಹೇಳುವ ಮಾತು, ಅದಕ್ಕೇ ಕಾಗದ.

ಇವರು ಆರಾಮ. ಅದೇ ಚಾಕಣದ ಫ್ಯಾಕ್ಟರಿ, ಅದೇ ಬೆನ್ನುನೋವು. ಶರ್ವರಿ ಏನು ಕಲಿಯುತ್ತಿದ್ದಾಳೆ ಎಂದು ಕೇಳಿದ್ದೆಯಲ್ಲ. ವಾರದಲ್ಲಿ ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ಕಾಲೇಜು, ಕೊನೆಗೆ ಡಿಗ್ರಿ. ಯುಎಕ್ಸ್ ಡಿಸೈನ್ ಅನ್ನುತ್ತಾರೆ. ಮೊಬೈಲ್ ಬಳಸುವಾಗ ಜನ ಎಲ್ಲಿ ತಡವರಿಸುತ್ತಾರೆ, ಎಲ್ಲಿ ಹೆದರುತ್ತಾರೆ ಎಂದು ಅವರ ಪಕ್ಕದಲ್ಲೇ ಕೂತು ನೋಡಿ, ಅದಕ್ಕೆ ತಕ್ಕಂತೆ ಆ್ಯಪ್ ರೂಪಿಸುವುದು. ಈಗ ವಯಸ್ಸಾದವರು ಮನೆಯಿಂದಲೇ ದವಾಖಾನೆಯಲ್ಲಿ ಪಾಳಿಯ ನಂಬರ್ ಹಚ್ಚುವ ಆ್ಯಪ್ ಮಾಡುತ್ತಿದ್ದಾಳೆ.

"ನನ್ನನ್ನೂ ಕೇಳು, ನಾನೂ ದವಾಖಾನಿಗೆ ಹೋಗ್ತೀನಲ್ಲ?" ಅಂದೆ.

"ಬ್ಯಾಡಮ್ಮ. ನಾ ಮಾಡಿದ್ದೆಲ್ಲಾ ಛಲೋ ಅದ ಅಂತಿ ನೀ. ಮನಿಯವರನ್ನ ಕೇಳಬಾರದು ಅಂತ ಸರ್ ಹೇಳ್ಯಾರ," ಅಂದಳು.

ಹೊರಗಿನವರು ಮಾತ್ರ ಬೇಕು! ಸದಾಶಿವ ಪೇಠೆಯಲ್ಲಿ ಬೆಳಗಾವಿ ಕಡೆಯ ಪಾರವ್ವ ಎಂಬ ಮುದುಕಿ ಸಿಕ್ಕಿದ್ದಾಳೆ. ಊಟಕ್ಕೆ ಕೂತರೂ ಅವಳದೇ ಸುದ್ದಿ. ಪಾರವ್ವಜ್ಜಿಯ ಬೆರಳು ನಡುಗುತ್ತದಂತೆ, ಪಾರವ್ವಜ್ಜಿಗೆ ಕೆಂಪು ಗುಂಡಿ ಕಂಡರೆ ಭಯವಂತೆ. ನನ್ನ ಮೊಣಕಾಲು ಬಾತು ತಿಂಗಳಾಯಿತು, ಅದರ ವಿಚಾರಣೆ ಇಲ್ಲ.

ಹೋದ ಶನಿವಾರ ಸೀರೆ ಕೊಳ್ಳಲು ಇಬ್ಬರೂ ಹೊರಟೆವು. ದಾರಿಯಲ್ಲಿ ಪಾರವ್ವನ ಮನೆ ಬಂತು. "ಅಜ್ಜೀನ ಭೆಟ್ಟಿಯಾಗಿ ಬರ್ತೀನಿ, ಕೆಳಗ ನಿಂದ್ರು," ಎಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕಾಲೆಳೆದುಕೊಂಡು ನಾನೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಶರ್ವರಿ ನನಗೆ ಬೆನ್ನುಮಾಡಿ ನೆಲದ ಮೇಲೆ ಕೂತಿದ್ದಳು. ಮುದುಕಿ ಅವಳ ಕೈ ಹಿಡಿದುಕೊಂಡಿದ್ದಳು. ಮನೆಯಲ್ಲಿ ಒಂದು ಗಳಿಗೆಯೂ ಫೋನ್ ಕೆಳಗಿಡದವಳು ಅಲ್ಲಿ ಅದನ್ನು ಮುಟ್ಟಿರಲೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಪೂರ್ವಾ. ಗುರುತಿಲ್ಲದ ಮುದುಕಿಯ ಮೇಲೆ, ಈ ವಯಸ್ಸಿನಲ್ಲಿ!

ಸೀರೆ ಬೇಡವೆಂದು ಮನೆಗೆ ಬಂದುಬಿಟ್ಟೆ. "ಏನಾತಮ್ಮ?" ಅಂದಳು.

"ನಿನಗ ಆ ಪಾರವ್ವನಽ ಅಮ್ಮ. ಹೋಗು, ಅಲ್ಲೇ ಇರು!" ಎಂದು ಕೂಗಾಡಿ ಅತ್ತೆ.

ಹುಡುಗಿ ನನ್ನ ಬೆನ್ನು ಸವರಿದಳು. "ತಪ್ಪಾತು ಬಿಡಮ್ಮ, ಅಳಬ್ಯಾಡ," ಎಂದು ನೀರು ತಂದುಕೊಟ್ಟು, ನಾನು ಸುಮ್ಮನಾಗುವವರೆಗೂ ಪಕ್ಕದಲ್ಲೇ ಕೂತಳು. ಇವತ್ತು ಬೆಳಿಗ್ಗೆ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಯೇ ಕೆಲಸಕ್ಕೆ ಹೋದಳು. ಆದರೂ ನನಗೆ ಸಮಾಧಾನವಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಯಜಮಾನರಿಗೆ ನಮಸ್ಕಾರ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಇಂದೂ

ತಾ.ಕ.: ಬಾಗಿಲಲ್ಲಿ ಕೇಳಿದ್ದನ್ನು ಮೇಲೆ ಬರೆಯಲಿಲ್ಲ. ಮುದುಕಿ, "ಯಾಕವ್ವಾ, ಇಷ್ಟ್ಯಾಕ ಸೊರಗೀದಿ?" ಅಂದಳು. ಶರ್ವರಿ, "ಈ ಕೆಲಸ ನನ್ನ ಕೈಲೆ ಆಗೂದಿಲ್ಲ ಅನಸ್ತದ ಅಜ್ಜಿ. ದಿನಾ ಬಸ್ಸಿನ್ಯಾಗ ಅಳ್ತೀನಿ," ಅಂದಳು. "ನಿಮ್ಮವ್ವನ ಮುಂದ ಹೇಳೀಯೇನು?" ಎಂದು ಮುದುಕಿ ಕೇಳಿದಳು.

"ಇಲ್ಲಜ್ಜಿ. ಅಮ್ಮಗ ಹೇಳಿದ್ರ, ಆಮ್ಯಾಲ ಆಕೀನ್ನ ನಾನಽ ಸಮಾಧಾನ ಮಾಡಬೇಕಾಗ್ತದ."

ಸದ್ದು ಮಾಡದೆ ಮೆಟ್ಟಿಲಿಳಿದೆ, ಪೂರ್ವಾ.