ನಲವತ್ತು ವರ್ಷ ಬದಲಾಗದ ಕಾನೂನು

ತಾಸ್ಕುದಿಕ್
೧೨ ಮೇ ೨೦೦೬

ಪ್ರಿಯ ಸಪಾರ್‌ಗಲಿ,

ಏಪ್ರಿಲ್ ಹನ್ನೊಂದರಂದು ಪ್ರಾಂತ್ಯದ ನ್ಯಾಯಾಲಯ ನಮ್ಮ ಹಳ್ಳಿಯನ್ನು ಅನಿಲ ಬಾವಿಗಳ ಪಕ್ಕದಿಂದ ಸ್ಥಳಾಂತರಿಸಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತು. ಮುನ್ನೂರ ಹನ್ನೆರಡು ಜನ ಆ ಗಾಳಿಯನ್ನೇ ಉಸಿರಾಡುತ್ತಾ ಇರಬೇಕು. ಇದನ್ನು ನಿನಗೆ ಒಂದು ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ನಿನ್ನ ಮೊಣಕಾಲು ಹೇಗಿದೆ? ಅಸ್ತಾನಾದ ಚಳಿ ಮೇ ತಿಂಗಳಲ್ಲಾದರೂ ಬಿಟ್ಟಿತೆ? ನನ್ನ ಗಂಡ ಕುವಾನಿಶ್‌ಗಲಿಯ ವಿಷಯ ಕೊನೆಗೆ ಬರೆಯುತ್ತೇನೆ.

ಇಲ್ಲಿ ಹುಲ್ಲುಗಾವಲಲ್ಲಿ ಟ್ಯುಲಿಪ್ ಅರಳಿ ಮುಗಿಯಿತು. ಕುರಿಗಳು ಈ ಸಲವೂ ಸತ್ತ ಮರಿಗಳನ್ನು ಹಾಕಿದವು. ಬಾವಿಗಳ ಕಡೆಯಿಂದ ಗಾಳಿ ಬೀಸಿದ ದಿನ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಶಾಲೆಯಲ್ಲಿ ಮಕ್ಕಳು ತಲೆ ಸುತ್ತಿ ಬೀಳುತ್ತಾರೆ. ಮಾರ್ಚಿನಲ್ಲಿ ಒಂದೇ ದಿನ ಒಂಬತ್ತು ಮಂದಿ ಬಿದ್ದರು. ನಾನು ಇತಿಹಾಸದ ಪಾಠ ನಿಲ್ಲಿಸಿ ಅವರ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೂತೆ.

ತೀರ್ಪು ಹೇಗೆ ಬಂತೆಂದು ಕೇಳು. ಎರಡು ವರ್ಷದ ಹಿಂದೆ ಆರೋಗ್ಯದ ನಿಯಮ ಬದಲಾಯಿತು. ಬಾವಿಗಳಿಂದ ಐದು ಕಿಲೋಮೀಟರ್ ಒಳಗೆ ಯಾರೂ ವಾಸಿಸಬಾರದು, ಇರುವವರನ್ನು ಕಂಪನಿ ಬೇರೆಡೆ ನೆಲೆಗೊಳಿಸಬೇಕು. ನಾವಿರುವುದು ನಾಲ್ಕೂವರೆಯಲ್ಲಿ. ಆ ವಾರ ಹೆಂಗಸರು ಪೆಟ್ಟಿಗೆಗಳನ್ನು ಗಾಡಿಗೆ ಅಳೆದು ನೋಡಿದ್ದರು. ಆದರೆ ಕಂಪನಿಯ ವಕೀಲ, ಅಲ್ಮಾಟಿಯ ಒಬ್ಬ ನಯವಾದ ಯುವಕ, ನ್ಯಾಯಾಲಯದ ಅಂಗಳದಲ್ಲಿ ನನಗೆ ವಿವರಿಸಿದ.

"ಅಕ್ಕಾ, ನಮ್ಮ ಒಪ್ಪಂದ ತೊಂಬತ್ತೇಳರದ್ದು. ವಿದೇಶಿ ಬಂಡವಾಳದ ಕಾನೂನು ಆಗ ಭರವಸೆ ಕೊಟ್ಟಿದೆ, ಆಮೇಲೆ ಯಾವ ಕಾನೂನು ಬದಲಾದ್ರೂ ನಮಗೆ ತಟ್ಟಲ್ಲ ಅಂತ. ನಮಗೆ ಇವತ್ತಿಗೂ ಹಳೇ ನಿಯಮದ ಮೂರು ಕಿಲೋಮೀಟರೇ."

"ಆ ಕಾನೂನನ್ನೇ ಮೂರು ವರ್ಷದ ಹಿಂದೆ ತೆಗೆದುಹಾಕಿದ್ರಲ್ಲಪ್ಪಾ?"

"ಕಾನೂನು ಹೋಯ್ತು. ಭರವಸೆ ಹೋಗಲ್ಲ. ಇನ್ನೂ ಮೂವತ್ತೊಂದು ವರ್ಷ ಇದೆ."

ಸರಿ, ಹಾಗಾದರೆ ಶಾಲೆಯ ಸೋರುವ ಚಾವಣಿಯನ್ನಾದರೂ ಬದಲಿಸೋಣವೆಂದು ಗ್ರಾಮದ ಮುಖ್ಯಸ್ಥನ ಬಳಿ ಹೋದೆವು. ಅವನು ತಲೆ ಎತ್ತದೆ ಹೇಳಿದ, "ಆಗಲ್ಲ ಟೀಚರಮ್ಮಾ. ಹೊಸ ನಿಯಮದಲ್ಲಿ ನೀವಿರೋದು ನಿಷೇಧಿತ ಜಾಗ. ಒಂದು ಇಟ್ಟಿಗೆ ಇಡೋಕೂ ಅನುಮತಿ ಕೊಡೋ ಹಾಗಿಲ್ಲ."

ನಮ್ಮೂರ ಹಿರಿಯಜ್ಜ ಓತೆಗೆನ್ ಪಕ್ಕದಲ್ಲೇ ಇದ್ದ. ಎಂಬತ್ತಮೂರು ವರ್ಷ, ಆದರೂ ನಾಲಿಗೆಗೆ ಮುಪ್ಪು ಬಂದಿಲ್ಲ. "ಹಂಗಾದ್ರೆ ಗಾಳಿಗೆ ಹಳೇ ಕಾನೂನು, ಚಾವಣಿಗೆ ಹೊಸ ಕಾನೂನು. ನನ್ನ ಕೆಮ್ಮಿಗೆ ಯಾವ್ದು ಅಂತ ಒಂಚೂರು ನೋಡಿ ಹೇಳಪ್ಪಾ," ಅಂದ.

ತೊಂಬತ್ತೇಳರಲ್ಲಿ ನಮ್ಮೂರಲ್ಲಿ ನಡೆದ ಒಪ್ಪಂದದ ಸಭೆಯ ವಿಷಯ ನೆನಪಿದೆಯೆ? ನೀನು ಆಗ ಅಲ್ಮಾಟಿಯ ಸಚಿವಾಲಯದಲ್ಲಿದ್ದೆ, ಬಂದಿರಲಿಲ್ಲ. ಕಂಪನಿಯ ವಿದೇಶಿಯರು ಕುದುರೆಮಾಂಸದ ಊಟ ಮಾಡಿ, ಹಿರಿಯರು ಕೈ ಬಿಚ್ಚಿ ಹರಸಲಿ ಎಂದು ಕಾಯುತ್ತಿದ್ದರು. ನಮ್ಮಲ್ಲಿ ಹಿರಿಯರ ಬಾತಾದ ಹರಕೆ ಇಲ್ಲದೆ ಪಯಣವೂ ಇಲ್ಲ, ಮದುವೆಯೂ ಇಲ್ಲ. ಅದನ್ನು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ಓತೆಗೆನ್ ಒಪ್ಪಲಿಲ್ಲ. ಆಗ ಕುವಾನಿಶ್‌ಗಲಿ ಎದ್ದು ಕಾನೂನಿನ ಆ ವಾಕ್ಯವನ್ನು ಗಟ್ಟಿಯಾಗಿ ಓದಿದ. "ಅಜ್ಜಾ, ಈ ಒಪ್ಪಂದ ಇರೋ ನಲವತ್ತು ವರ್ಷವೂ ಕಾನೂನು ಬದಲಾಗಲ್ವಂತೆ," ಅಂದ. ನಮ್ಮ ಅಜ್ಜಂದಿರ ಕಾಲದಲ್ಲಿ ಕಾನೂನು ಬದಲಾಗಿ ಹಿಂಡು ಹೋಯಿತು, ಹಿಂಡಿನ ಹಿಂದೆಯೇ ಅರ್ಧ ಊರು ಹಸಿವಿನಿಂದ ಸತ್ತಿತು. ಅಪ್ಪಂದಿರ ಕಾಲದಲ್ಲಿ ಬದಲಾಗಿ ಹುಲ್ಲುಗಾವಲು ಹೋಯಿತು. ನಮ್ಮ ಕಾಲದಲ್ಲಿ ಬದಲಾಗಿ ಬ್ಯಾಂಕಿನ ಉಳಿತಾಯ ಹೋಯಿತು. ಬದಲಾಗದ ಕಾನೂನು ಎಂದರೆ ನಮ್ಮ ಕಿವಿಗೆ ದೇವರ ಮಾತಿನಂತೆ ಕೇಳಿಸಿತು. "ನನ್ನ ಮೂರು ಹೆಂಡ್ತೀರೂ ಇಂಥಾ ಮಾತು ಕೊಟ್ಟಿರಲಿಲ್ಲ," ಎಂದು ಓತೆಗೆನ್ ನಕ್ಕು ಕೈ ಬಿಚ್ಚಿ ಹರಸಿದ. ಅದು ಯಾರಿಗೆ ಬದಲಾಗುವುದಿಲ್ಲ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಮೇಲ್ಮನವಿಗೆ ಇನ್ನು ದಾರಿಯಿಲ್ಲವಂತೆ. ಮನೆ ಮಾರಿ ಹೋಗೋಣವೆಂದರೆ ನಿಷೇಧಿತ ಜಾಗದ ಮನೆಯನ್ನು ಕೊಳ್ಳುವವರು ಯಾರು? ಇರುವಂತಿಲ್ಲ, ಹೋಗುವಂತಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಮಕ್ಕಳ ಮುಂದೆ ನಿಲ್ಲಬೇಕು, ಗಾಳಿ ಯಾವ ಕಡೆಯಿಂದ ಎಂದು ಕಿಟಕಿ ನೋಡಿಕೊಂಡು.

ನಿನ್ನ ಮನೆಯವರೆಲ್ಲ ಕ್ಷೇಮವಾಗಿರಲಿ, ಮೊಮ್ಮಕ್ಕಳು ಶುದ್ಧವಾದ ಗಾಳಿಯಲ್ಲಿ ಬೆಳೆಯಲಿ.

ನಿನ್ನ ಹಳೆಯ ಸಹಪಾಠಿ,
ಕುಲ್ಯಾಶ್

ಮರೆತ ಮಾತಲ್ಲ, ಉಳಿಸಿಕೊಂಡದ್ದು: ತೀರ್ಪು ಬಂದ ನಾಲ್ಕನೆಯ ದಿನ ಕುವಾನಿಶ್‌ಗಲಿ ತೀರಿಕೊಂಡ. ಎದೆನೋವು. ನಿನಗೆ ಬೇಕೆಂದೇ ತಿಳಿಸಲಿಲ್ಲ. ಜನಾಜಾ ನಮಾಜಿಗೆ ಮೊದಲು ಇಮಾಮ್ ಪದ್ಧತಿಯಂತೆ ಕೇಳಿದರು, "ಈ ಮನುಷ್ಯನ ಮೇಲೆ ಯಾರದಾದ್ರೂ ಋಣ ಉಳಿದಿದೆಯಾ?" ಯಾರೂ ಏನೂ ಹೇಳುವುದಿಲ್ಲ ಎಂಬುದೂ ಪದ್ಧತಿಯೇ. ಓತೆಗೆನ್ ಕೋಲೂರಿ ಮುಂದೆ ಬಂದ. "ಇದೆ. ಇವನ ಮಾತು ನಂಬಿ ನಾನು ಹರಸಿದೆ. ಆ ಮಾತಿನ ಋಣ ಇದೆ," ಅಂದ. ಒಳಗೆ ಗೋಡೆಗೆ ಮುಖಮಾಡಿ ಶೋಕ ಹಾಡುತ್ತಿದ್ದ ನಾನು ನಿಲ್ಲಿಸಿಬಿಟ್ಟೆ. ನಮ್ಮ ಮಗ ಬೆರ್ದಿಬೆಕ್ ತಲೆ ತಗ್ಗಿಸಿ, "ಆ ಋಣ ನಾನು ಹೊರ್ತೀನಿ," ಅಂದ.

ಅದು ಅವನದಲ್ಲ, ಅವನ ಅಪ್ಪನದೂ ಅಲ್ಲ. ಸಭೆಯ ಹಿಂದಿನ ದಿನ ಕುವಾನಿಶ್‌ಗಲಿ ಅಂಚೆ ಕಚೇರಿಯಿಂದ ನಿನಗೆ ಫೋನ್ ಮಾಡಿದ. ನಾನು ಪಕ್ಕದಲ್ಲಿ ನಿಂತಿದ್ದೆ. ಆ ವಾಕ್ಯವನ್ನು ಬರೆದವರಲ್ಲಿ ನೀನೂ ಒಬ್ಬನಾಗಿದ್ದೆ. "ಧೈರ್ಯವಾಗಿ ಓದು ಕಣೋ, ಅದು ನಿಮ್ಮನ್ನ ಕಾಯುತ್ತೆ," ಎಂದೆ ನೀನು.

ಮೇ ಇಪ್ಪತ್ತನಾಲ್ಕಕ್ಕೆ ನಲವತ್ತನೆಯ ದಿನದ ಊಟ. ಇಡೀ ಹಳ್ಳಿ ಬರುತ್ತದೆ. ನನಗೆ ಪತ್ರ ಬರೆಯಬೇಡ, ಸಾಂತ್ವನ ಬೇಡ. ಬಂದು, ಓತೆಗೆನ್‌ನ ಎದುರು, ನನ್ನ ಮಗನ ಎದುರು, ಆ ಮುನ್ನೂರ ಹನ್ನೊಂದು ಜನರ ಎದುರು ನಿಂತು ಉತ್ತರ ಹೇಳು: ಅದು ಕಾಯುವುದು ಯಾರನ್ನು ಎಂದು ಆ ದಿನ ನಿನಗೆ ಗೊತ್ತಿತ್ತೋ ಇಲ್ಲವೋ?