ಅಪ್ಪನ ಹದ್ದು ನನ್ನ ಕೈಗೆ ಬಂದದ್ದು

ಚಳಿಗಾಲದ ಮನೆ, ಆಲ್ತಾಯ್
ನವೆಂಬರ್ ೧೯

ನನ್ನ ಮುದ್ದಿನ ಕುಲ್ಯಾಶ್ ಅಕ್ಕನಿಗೆ,

ಕೂಸು ಹೇಗಿದೆ? ರಾತ್ರಿಯೆಲ್ಲ ಅತ್ತು ಭಾವನ ನಿದ್ದೆ ಕೆಡಿಸುತ್ತದೆ ಅಂತ ಲಾರಿಯವನು ಹೇಳಿದ. ಕೆಡಿಸಲಿ ಬಿಡು, ನಮ್ಮ ಮನೆ ಮಗು ಅಲ್ಲವಾ!

ಅಪ್ಪ ತೀರಿಹೋದ ನಲವತ್ತನೇ ದಿನದ ಊಟಕ್ಕೆ ನೀನು ಬರಲಿಲ್ಲ ಅಂತ ಯಾರೂ ಬೇಸರ ಮಾಡಿಕೊಂಡಿಲ್ಲ. ಹಸಿ ಬಾಣಂತಿ ಹೇಗೆ ಬರುತ್ತೀಯ? ಕುದುರೆ ಕಡಿದಿದ್ದೆವು, ಊರೆಲ್ಲ ಉಂಡಿತು. ಎಲ್ಲರೂ ಕೈ ಒರೆಸಿಕೊಳ್ಳುವಾಗ ದಾಲೆಲ್ ಚಿಕ್ಕಪ್ಪ ಮಾತು ತೆಗೆದರು. ಅಪ್ಪನ ಬೇಟೆ ಹದ್ದನ್ನು ಬೆಟ್ಟಕ್ಕೆ ಒಯ್ದು ಬಿಟ್ಟುಬರಬೇಕಂತೆ. ಪಳಗಿಸಿದವನು ಹೋದ ಮೇಲೆ ಅದು ಇನ್ನೊಬ್ಬರ ಕೈಗೆ ಕೂರುವುದಿಲ್ಲವಂತೆ. ನನಗೆ ಎಲ್ಲಿತ್ತೋ ಸಿಟ್ಟು, ನನ್ನ ಕೈಗೆ ಕೂರಿಸುತ್ತೇನೆ ಅಂತ ಎಲ್ಲರೆದುರಿಗೇ ಅಂದುಬಿಟ್ಟೆ. 'ಆಯ್ತಮ್ಮಾ ತಾಯಿ, ಹೊಳೆ ಹೆಪ್ಪುಗಟ್ಟೋ ತನಕ ಟೈಮು. ಅಷ್ಟರಲ್ಲಿ ಕರೆದರೆ ಬರಬೇಕು. ಬರ್ಲಿಲ್ವೋ, ನಾನೇ ಬಿಟ್ಟುಬರ್ತೀನಿ' ಅಂದರು.

ಅಪ್ಪನ ಬಟ್ಟೆಬರೆ, ಜೀನು, ಬೆಲ್ಟು ಎಲ್ಲ ಪದ್ಧತಿಯಂತೆ ಹಂಚಿ ಆಗಿತ್ತು. ಅದೊಂದು ಹಕ್ಕಿಯನ್ನೂ ಕೊಟ್ಟುಬಿಟ್ಟರೆ ಅಪ್ಪನದು ಅಂತ ನನಗೇನು ಉಳಿಯುತ್ತೆ, ಹೇಳು?

ಕಣ್ಣು ಮುಚ್ಚುವ ತೊಗಲಿನ ಟೊಪ್ಪಿಗೆ ತೆಗೆದ ಕೂಡಲೇ ಹದ್ದು ಲಾಯದ ಬಾಗಿಲನ್ನೇ ನೋಡುತ್ತಿತ್ತು. ನನ್ನ ಕಂಡರೆ ಗರಿ ಕೆದರಿ ಬೆನ್ನು ತಿರುಗಿಸೋದು. ಪಾಪ, ಅದಕ್ಕೂ ದುಃಖ ಅಂದುಕೊಂಡು ದಿನಾ ಮೊಲದ ಕೆಂಪು ಮಾಂಸವನ್ನೇ ಹಾಕುತ್ತಾ ಬಂದೆ. ಅಮ್ಮ ನೋಡಿ ಚೆನ್ನಾಗಿ ಉಗಿದಳು. 'ನಿನ್ ತಲೆ! ನೆಂಟರಿಗೆ ಬಡಿಸಿದ ಹಾಗೆ ಬಡಿಸ್ತಿದ್ದೀಯಲ್ಲೇ. ಹಸಿವಿಲ್ಲದ ಹಕ್ಕಿ ಯಾರ ಮಾತು ಕೇಳುತ್ತೆ?' ಆಮೇಲೆ ತಾನೇ ಕೂತು, ಮಾಂಸವನ್ನು ನೀರಲ್ಲಿ ಹಿಂಡಿ ಹಿಂಡಿ, ರಕ್ತವೆಲ್ಲ ಹೋಗಿ ಬೆಳ್ಳಗಾಗುವ ತನಕ ತೊಳೆದು ತೋರಿಸಿದಳು. ಆ ಸಪ್ಪೆ ಮಾಂಸ ಎಷ್ಟು ತಿಂದರೂ ಹಸಿವು ತೀರುವುದಿಲ್ಲ. ತಿನ್ನಿಸುವಾಗ ನನಗೆ ಅಳು ಬಂತು, ಅಕ್ಕ. ದುಃಖದಲ್ಲಿರುವ ಜೀವವನ್ನು ಉಪವಾಸ ಕೆಡವುತ್ತಿದ್ದೇನಲ್ಲ ಅಂತ. ಆದರೂ ತಿನ್ನಿಸಿದೆ.

ಕೊನೆಗೂ ನನ್ನ ಕೈಗವಸಿನ ಮೇಲೆ ಕೂತು ತಿನ್ನತೊಡಗಿತು. ಲಾಯದೊಳಗೇನೋ ಸರಿ, ಬಯಲಲ್ಲಿ? ಮನೆ ಹಿಂದಿನ ಗುಡ್ಡದ ಮೇಲೆ ಚಿಕ್ಕಪ್ಪ ಅದನ್ನು ಹಿಡಿದು ನಿಲ್ಲೋರು. ನಾನು ಕೆಳಗೆ ಕುದುರೆ ಮೇಲೆ ಕೂತು ಗಂಟಲು ಹರಿಯುವಂತೆ ಕರೆಯೋದು. ಅದು ಅಲ್ಲಾಡಿದ್ದರೆ ಕೇಳು! 'ನಿನ್ ದನಿಗೆ ನನ್ ಕುರಿಗಳೂ ಬರಲ್ಲ' ಅಂತ ಚಿಕ್ಕಪ್ಪನ ಗೇಲಿ ಬೇರೆ. ಹೊಳೆಯ ಅಂಚಿಗೆ ಮಂಜುಗಡ್ಡೆ ಕಟ್ಟಿದ್ದು ಕಂಡ ಮೇಲಂತೂ ಇನ್ನೂ ಜೋರಾಗಿ ಕರೆಯತೊಡಗಿದೆ.

ನಿನ್ನೆ ಬಂತು, ಅಕ್ಕ! ಒಂದೇ ಕೂಗಿಗೆ! ಇಳಿಜಾರಿನುದ್ದಕ್ಕೂ ರೆಕ್ಕೆ ಬಿಚ್ಚಿಕೊಂಡು ನೇರ ನನ್ನ ಕೈಗೇ ಬಂದು ಬಿತ್ತು. ಆ ಭಾರಕ್ಕೆ ಕುದುರೆಯಿಂದ ಬಿದ್ದೇಹೋಗುತ್ತಿದ್ದೆ. ಗುಡ್ಡ ಇಳಿದು ಬಂದ ಚಿಕ್ಕಪ್ಪ ಈ ಸಲ ಗೇಲಿ ಮಾಡಲಿಲ್ಲ. ಮುಖ ಆಚೆ ತಿರುಗಿಸಿಕೊಂಡು, 'ಇಟ್ಕೋ, ಇನ್ನು ನಿಂದೇ' ಅಂದರು.

ಅಮ್ಮ ಚೆನ್ನಾಗಿದ್ದಾಳೆ, ನೀನು ಚಿಂತೆ ಮಾಡಬೇಡ. ಕೂಸಿಗೆ ಮುತ್ತು.

ನಿನ್ನ ತಂಗಿ,
ರೌಶಾನ್

ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ಅಮ್ಮ ಚೆನ್ನಾಗಿಲ್ಲ. ನಿನ್ನೆ ಹದ್ದು ಬಂದದ್ದು ನನ್ನ ದನಿಗಲ್ಲ. ಇಷ್ಟು ದಿನ ಕರೆದು ಕರೆದು ಸೋತು, ನಿನ್ನೆ ಅಪ್ಪ ಕರೆಯುತ್ತಿದ್ದ ಹಾಗೇ ಕರೆದೆ, ಹೊಟ್ಟೆಯಿಂದ ಎಳೆದು ಕೊನೆಗೆ ಗಕ್ಕನೆ ನಿಲ್ಲಿಸಿ. ಹದ್ದು ಬಂತು. ಅಮ್ಮನೂ ಬಂದಳು. ತಲೆಗೆ ವಸ್ತ್ರವಿಲ್ಲ, ಕೈತುಂಬ ಹಿಟ್ಟು, ಮನೆಯಿಂದ ಓಡಿಬಂದಳು. ಕೂಗಿದ್ದು ನಾನು ಅಂತ ಕಂಡು ನಿಂತಳು, ಹಾಗೇ ತಿರುಗಿ ಒಳಗೆ ಹೋದಳು. ಇವತ್ತು ಬೆಳಿಗ್ಗೆ ಚಹಾ ಬಗ್ಗಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು: 'ಹಕ್ಕಿ ಲಾಯದಲ್ಲೇ ಇರ್ಲಿ. ನೀನು ಹೋಗಿ ನಿನ್ನೆ ಕೂಗಿದ ಹಾಗೇ ಇನ್ನೊಂದೇ ಒಂದ್ಸಲ ಕೂಗು ಮಗಳೇ. ನಾನು ಒಳಗೇ ಇರ್ತೀನಿ, ಹೊರಗೆ ಬಂದು ನೋಡಲ್ಲ.'